ಉಂಗುರ ಯಾಕೆ ಅಲುಗಾಡಲ್ಲ? ಲ್ಯಾಬಿನ ಬಲದ ಮೇಜಿನಿಂದ ಬಾಲ್ಕನಿಯ ಬಟ್ಟೆ ಹಗ್ಗದವರೆಗೆ

ಪುಣೆಯಿಂದ ಈ ವಾರ ಆಡಿದ ಮಾತಿನ ಬರಹರೂಪ ಇದು. ಆಫೀಸ್ ಕ್ಯಾಬ್‌ನಲ್ಲಿ ಕೂತು ಓದುವವರಿಗೆ, ವಿಡಿಯೋದಲ್ಲಿ ಅಂಕಿಗಳು ಬೇಗ ಓಡಿಹೋದವು ಅನ್ನುವವರಿಗೆ ಅಂತ ಲೆಕ್ಕಗಳನ್ನ ಇಲ್ಲಿ ಸ್ವಲ್ಪ ನಿಧಾನವಾಗಿ ಬಿಡಿಸಿದ್ದೀನಿ. ಕೈಯಲ್ಲಿ ಒಂದು ಪೆನ್ನು, ಒಂದು ಹಾಳೆ ಇದ್ದರೆ ಇನ್ನೂ ಒಳ್ಳೇದು.

ಈ ವಿಷಯ ಯಾಕೆ ಎತ್ಕೊಂಡೆ ಅಂದ್ರೆ, ನಮ್ಮಲ್ಲಿ ತುಂಬಾ ಜನರ ಮಕ್ಕಳು ಈಗ ಹನ್ನೊಂದನೇ ಕ್ಲಾಸು, ಇಲ್ಲಾ ಇಂಜಿನಿಯರಿಂಗ್ ಮೊದಲ ವರ್ಷ. ಮುಂಬೈ ಆಗಲಿ, ಚೆನ್ನೈ ಆಗಲಿ, ಲ್ಯಾಬಿನಲ್ಲಿ ಈ ಪ್ರಯೋಗ ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತೆ. ನಾವು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ "ಸದಿಶ", "ಅದಿಶ" ಅಂತ ಓದಿದವರು. ಮಕ್ಕಳು "ವೆಕ್ಟರ್", "ಸ್ಕೇಲರ್" ಅಂತಾರೆ. ಶಬ್ದ ಬೇರೆ ಅಷ್ಟೇ. ಆದರೆ ಅವರು ಬಂದು "ಇದು ಯಾಕೆ ಹೀಗೆ?" ಅಂತ ಕೇಳಿದಾಗ ನಾವು ಫಾರ್ಮುಲಾ ಹೇಳಿ ಜಾರಿಕೊಳ್ತೀವಿ. ಫಾರ್ಮುಲಾದ ಹಿಂದೆ ಇರೋದನ್ನ ಇವತ್ತು ನೋಡೋಣ.

200ಕ್ಕೆ 150 ಕೂಡಿಸಿದ್ರೆ ಎಷ್ಟು?

ಕಿರಾಣಿ ಅಂಗಡಿಯಲ್ಲಿ 200 ಗ್ರಾಂ ಸಕ್ಕರೆಗೆ 150 ಗ್ರಾಂ ಸೇರಿಸಿದ್ರೆ 350 ಗ್ರಾಂ. ಅದರಲ್ಲಿ ಅನುಮಾನವೇ ಇಲ್ಲ. ಯಾಕಂದ್ರೆ ಸಕ್ಕರೆಯ ಪ್ರಮಾಣಕ್ಕೆ ದಿಕ್ಕಿಲ್ಲ. ಅದು ಅದಿಶ.

ಬಲಕ್ಕೆ ದಿಕ್ಕಿದೆ. ಒಂದು ಉಂಗುರಕ್ಕೆ ಎರಡು ದಾರ ಕಟ್ಟಿ, ಒಂದನ್ನ 200ರಷ್ಟು ಬಲದಲ್ಲಿ, ಇನ್ನೊಂದನ್ನ 150ರಷ್ಟು ಬಲದಲ್ಲಿ ಎಳೆದರೆ ಒಟ್ಟು ಎಷ್ಟು? ಎರಡೂ ಒಂದೇ ದಿಕ್ಕಾದ್ರೆ 350. ಎದುರುಬದುರಾದ್ರೆ 50. ನಡುವಿನ ಯಾವುದೇ ಕೋನದಲ್ಲಿ ಇದ್ದರೆ ಉತ್ತರ 50ಕ್ಕೂ 350ಕ್ಕೂ ನಡುವೆ ಎಲ್ಲೋ ಇರುತ್ತೆ. ಇದಕ್ಕಿಂತ ಕಡಿಮೆಯೂ ಬರಲ್ಲ, ಜಾಸ್ತಿಯೂ ಬರಲ್ಲ. ಲೆಕ್ಕ ಮಾಡೋಕೆ ಮುಂಚೆ ಈ ಎರಡು ಗಡಿ ಮನಸ್ಸಲ್ಲಿ ಇಟ್ಕೊಂಡ್ರೆ ಅರ್ಧ ತಪ್ಪುಗಳು ಅಲ್ಲೇ ಸಿಕ್ಕಿಬೀಳ್ತವೆ.

ಊರಿನ ತೇರು ನೆನಪು ಮಾಡ್ಕೊಳ್ಳಿ. ಎರಡು ಮಿಣಿ ಹಿಡಿದು ಜನ ಎಳೀತಾರೆ. ಎರಡೂ ಮಿಣಿ ಅಕ್ಕಪಕ್ಕದಲ್ಲಿ ನೇರವಾಗಿ ಹೋದ್ರೆ ಎಲ್ಲರ ಬಲವೂ ತೇರಿಗೆ. ಜನ ಎರಡು ಬದಿಗೆ ಹರಡಿಕೊಂಡು ಮಿಣಿಗಳ ನಡುವೆ 60 ಡಿಗ್ರಿ ಆಯ್ತು ಅಂತಿಟ್ಕೊಳ್ಳಿ. ಆಗ ಒಂದೊಂದು ಕಡೆ 100 ಪಾಲು ಎಳೆದರೂ ಮುಂದಕ್ಕೆ ಸಿಗೋದು 200 ಅಲ್ಲ, ಸುಮಾರು 173. ಉಳಿದ ಶ್ರಮ ಒಬ್ಬರನ್ನೊಬ್ಬರು ಎಳೆದಾಡೋದಕ್ಕೆ ಹೋಯ್ತು.

ಲ್ಯಾಬಿನ ಮೇಜು

ಇಂಜಿನಿಯರಿಂಗ್ ಮೊದಲ ವರ್ಷದ ಲ್ಯಾಬಿನಲ್ಲಿ ಇದಕ್ಕೆ ಇರೋ ಉಪಕರಣದ ಹೆಸರು ಫೋರ್ಸ್ ಟೇಬಲ್. ಬಲದ ಮೇಜು ಅನ್ನೋಣ. ಒಂದು ದುಂಡು ಲೋಹದ ತಟ್ಟೆ, ಅಂಚಿನ ಸುತ್ತ 0ಯಿಂದ 360 ಡಿಗ್ರಿ ಗುರುತು. ನಟ್ಟನಡುವೆ ಒಂದು ಸಣ್ಣ ಕಂಬಿ ನಿಂತಿರುತ್ತೆ. ಆ ಕಂಬಿಯ ಸುತ್ತ ಸಡಿಲವಾಗಿ ಒಂದು ಉಂಗುರ. ಉಂಗುರಕ್ಕೆ ದಾರಗಳು. ಪ್ರತಿ ದಾರ ಅಂಚಿನಲ್ಲಿರೋ ರಾಟೆಯ ಮೇಲೆ ಹಾದು ಕೆಳಗೆ ಇಳಿಯುತ್ತೆ, ತುದಿಯಲ್ಲಿ ಹ್ಯಾಂಗರ್, ಹ್ಯಾಂಗರ್ ಮೇಲೆ ತೂಕದ ಬಿಲ್ಲೆಗಳು. ರಾಟೆಯನ್ನ ಯಾವ ಡಿಗ್ರಿಗೆ ಬೇಕಾದ್ರೂ ಸರಿಸಿ ಬಿಗಿ ಮಾಡಬಹುದು.

ಪ್ರಶ್ನೆ ಇಷ್ಟೇ. ಒಂದು ದಾರ 20 ಡಿಗ್ರಿಯಲ್ಲಿ, ಅದರಲ್ಲಿ 200 ಗ್ರಾಂ. ಇನ್ನೊಂದು 80 ಡಿಗ್ರಿಯಲ್ಲಿ, ಅದರಲ್ಲಿ 150 ಗ್ರಾಂ. ಮೂರನೇ ದಾರವನ್ನ ಯಾವ ಡಿಗ್ರಿಯಲ್ಲಿಟ್ಟು, ಎಷ್ಟು ಗ್ರಾಂ ಹಾಕಿದ್ರೆ ಉಂಗುರ ಕಂಬಿಗೆ ತಗಲದೆ ಸರಿಯಾಗಿ ನಡುವೆ ನಿಲ್ಲುತ್ತೆ?

"ಗ್ರಾಂ ಅನ್ನೋದು ಬಲ ಅಲ್ಲವಲ್ಲ?" ಅಂತ ಕೆಲವರಿಗೆ ಅನಿಸಬಹುದು. ಸರಿಯಾದ ಮಾತು. ಬಲ ಅಂದ್ರೆ ನ್ಯೂಟನ್‌ನಲ್ಲಿ ಹೇಳಬೇಕು. ಆದರೆ ಮೂರೂ ಹ್ಯಾಂಗರ್‌ಗಳನ್ನ ಎಳೆಯೋದು ಒಂದೇ ಭೂಮಿ. ಮೂರನ್ನೂ ಒಂದೇ 9.8ರಿಂದ ಗುಣಿಸ್ತೀವಿ, ಹಾಗಾಗಿ ಹೋಲಿಕೆ ಮಾಡುವಾಗ ಅದು ಎರಡೂ ಕಡೆ ಹೊಡೆದುಹೋಗುತ್ತೆ. ಗ್ರಾಂನಲ್ಲೇ ಲೆಕ್ಕ ಮಾಡಿ, ರೆಕಾರ್ಡಿನಲ್ಲಿ ಕೊನೆಗೆ ನ್ಯೂಟನ್‌ಗೆ ಬದಲಾಯಿಸಿದ್ರೆ ಸಾಕು.

ಮೊದಲು ಚಿತ್ರ

ನನ್ನ ಅಭಿಪ್ರಾಯದಲ್ಲಿ ಕ್ಯಾಲ್ಕ್ಯುಲೇಟರ್ ಮುಟ್ಟೋಕೆ ಮುಂಚೆ ಚಿತ್ರ ಬರೀಬೇಕು. 50 ಗ್ರಾಂಗೆ 1 ಸೆಂಟಿಮೀಟರ್ ಅಂತ ಅಳತೆ ಇಟ್ಕೊಳ್ಳಿ. 20 ಡಿಗ್ರಿ ದಿಕ್ಕಿನಲ್ಲಿ 4 ಸೆಂಟಿಮೀಟರ್ ಗೆರೆ ಎಳೀರಿ. ಆ ಗೆರೆ ಎಲ್ಲಿ ಮುಗೀತೋ ಅಲ್ಲಿಂದಲೇ ಎರಡನೇ ಗೆರೆ ಶುರು: 80 ಡಿಗ್ರಿ ದಿಕ್ಕು, 3 ಸೆಂಟಿಮೀಟರ್. ಈಗ ಶುರುವಿನ ಚುಕ್ಕೆಯಿಂದ ಕೊನೆಯ ಚುಕ್ಕೆಗೆ ನೇರ ಗೆರೆ ಎಳೆದು ಅಳತೆ ಮಾಡಿ. ಸುಮಾರು 6.1 ಸೆಂಟಿಮೀಟರ್, ಅಂದ್ರೆ 304 ಗ್ರಾಂ ಹತ್ತಿರ. ದಿಕ್ಕು ಸುಮಾರು 45 ಡಿಗ್ರಿ.

ಇದು ಫಲಿತ ಬಲ. ಎರಡು ದಾರ ಸೇರಿ ಮಾಡೋ ಕೆಲಸವನ್ನ ಒಂದೇ ದಾರ ಮಾಡೋದಾದ್ರೆ ಅದು ಹೇಗಿರಬೇಕು ಅನ್ನೋದಕ್ಕೆ ಉತ್ತರ. ಆದರೆ ನಮಗೆ ಬೇಕಿರೋದು ಇದಲ್ಲ. ನಮಗೆ ಬೇಕಿರೋದು ಇದನ್ನ ತಡೆದು ನಿಲ್ಲಿಸೋ ಬಲ. ಅದು ಇದೇ ಉದ್ದ, ಸರಿಯಾಗಿ ಎದುರು ದಿಕ್ಕು: 45ಕ್ಕೆ 180 ಕೂಡಿಸಿ, 225 ಡಿಗ್ರಿ. ಇದನ್ನ ಸಮತೋಲಕ ಬಲ ಅಂತೀವಿ.

ಚಿತ್ರದಲ್ಲಿ ನೋಡಿದ್ರೆ ಸಮತೋಲಕ ಬಲ ಅಂದ್ರೆ ಕೊನೆಯ ಚುಕ್ಕೆಯಿಂದ ಶುರುವಿನ ಚುಕ್ಕೆಗೆ ವಾಪಸ್ ಬರೋ ಬಾಣ. ಮೂರು ಬಾಣ ಸೇರಿ ಒಂದು ಮುಚ್ಚಿದ ತ್ರಿಕೋನ. ಹೊರಟ ಜಾಗಕ್ಕೇ ವಾಪಸ್ ಬಂದ್ವಿ ಅಂದ್ರೆ ಒಟ್ಟು ಸೊನ್ನೆ. ನಾಲ್ಕು ದಾರ, ಐದು ದಾರ ಇದ್ದರೂ ಇದೇ ಕಥೆ. ಬಾಣಗಳನ್ನ ಯಾವ ಕ್ರಮದಲ್ಲಿ ಜೋಡಿಸಿದ್ರೂ ಪರವಾಗಿಲ್ಲ, ಆಕೃತಿ ಮುಚ್ಚಿಕೊಳ್ಳಬೇಕು ಅಷ್ಟೇ.

ಇಲ್ಲೇ ಒಂದು ಮುಖ್ಯ ವಿಷಯ. ಉಂಗುರ ಸುಮ್ಮನೆ ನಿಂತಿದೆ ಅಂದ್ರೆ ಅದರ ಮೇಲೆ ಬಲವೇ ಇಲ್ಲ ಅಂತ ಅಲ್ಲ. ಮೂರು ಕಡೆಯಿಂದಲೂ ಎಳೆತ ಇದ್ದೇ ಇದೆ. ಒಂದು ದಾರ ಕತ್ತರಿಸಿ ನೋಡಿ, ತಕ್ಷಣ ಗೊತ್ತಾಗುತ್ತೆ. ಸುಮ್ಮನೆ ಇರೋದಕ್ಕೂ, ಎಲ್ಲ ಕಡೆಯಿಂದ ಎಳೆಸಿಕೊಂಡು ನಿಂತಿರೋದಕ್ಕೂ ವ್ಯತ್ಯಾಸ ಇದೆ. ಬಾಲ್ಕನಿಗೆ ಬಂದಾಗ ಈ ಮಾತು ಮತ್ತೆ ಬೇಕಾಗುತ್ತೆ.

ಆಮೇಲೆ ಲೆಕ್ಕ

ಚಿತ್ರದಿಂದ ಸುಮಾರು ಉತ್ತರ ಸಿಕ್ತು. ನಿಖರ ಬೇಕಾದ್ರೆ ಪ್ರತಿ ಬಲವನ್ನ ಎರಡು ಘಟಕಗಳಾಗಿ ಒಡೀತೀವಿ. ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು ಅನ್ನೋ ಥರ. ಕಾಸ್ ಹಾಕಿದ್ರೆ ಅಡ್ಡಕ್ಕೆ ಎಷ್ಟು ಅಂತ ಸಿಗುತ್ತೆ, ಸೈನ್ ಹಾಕಿದ್ರೆ ಮೇಲಕ್ಕೆ ಎಷ್ಟು ಅಂತ.

ಮೊದಲ ದಾರ, 200 ಗ್ರಾಂ, 20 ಡಿಗ್ರಿ: ಅಡ್ಡಕ್ಕೆ 187.9, ಮೇಲಕ್ಕೆ 68.4.

ಎರಡನೇ ದಾರ, 150 ಗ್ರಾಂ, 80 ಡಿಗ್ರಿ: ಅಡ್ಡಕ್ಕೆ 26.0, ಮೇಲಕ್ಕೆ 147.7.

ಈಗ ಅಡ್ಡದ್ದನ್ನ ಅಡ್ಡಕ್ಕೆ, ಮೇಲಿನದ್ದನ್ನ ಮೇಲಕ್ಕೆ ಸಾಮಾನ್ಯ ಕೂಡಿಕೆ. ಒಂದೇ ದಿಕ್ಕಿನವಾದ್ದರಿಂದ ಕಿರಾಣಿ ಅಂಗಡಿ ಲೆಕ್ಕ ನಡೆಯುತ್ತೆ. ಅಡ್ಡಕ್ಕೆ ಒಟ್ಟು ಸುಮಾರು 214.0, ಮೇಲಕ್ಕೆ ಒಟ್ಟು 216.1. ಇವೆರಡರ ವರ್ಗಗಳನ್ನ ಕೂಡಿಸಿ ವರ್ಗಮೂಲ ತೆಗೆದ್ರೆ 304.1. ದಿಕ್ಕು 45.3 ಡಿಗ್ರಿ.

ಅಂದ್ರೆ ಸಮತೋಲಕ ಬಲ: 304 ಗ್ರಾಂ, 225.3 ಡಿಗ್ರಿಯಲ್ಲಿ. ನ್ಯೂಟನ್ ಲೆಕ್ಕದಲ್ಲಿ ಸುಮಾರು 2.98. 50ಕ್ಕೂ 350ಕ್ಕೂ ನಡುವೆ ಇದೆ, ಚಿತ್ರಕ್ಕೂ ಹೊಂದುತ್ತೆ. ಮುಂದೆ ಹೋಗಬಹುದು.

ಕೋಡ್ ಬರೆಯೋ ಕೈಗಳಿಗೆ

ನಮ್ಮವರ ಕೈ ಸುಮ್ಮನಿರಲ್ಲ. ತಕ್ಷಣ ಎಕ್ಸೆಲ್ ತೆಗೀತಾರೆ, ಇಲ್ಲಾ ಪೈಥಾನ್. ಒಳ್ಳೇದೇ. ಆದರೆ ಮೂರು ಗುಂಡಿಗಳಿವೆ.

ಮೊದಲನೇದು, ಎರಡರಲ್ಲೂ ಸೈನ್, ಕಾಸ್ ಫಂಕ್ಷನ್‌ಗಳಿಗೆ ಡಿಗ್ರಿ ಗೊತ್ತಿಲ್ಲ, ರೇಡಿಯನ್ ಮಾತ್ರ ಗೊತ್ತು. ನೇರವಾಗಿ 20 ಅಂತ ಕೊಟ್ಟರೆ 187.9ರ ಬದಲು 81.6 ಬರುತ್ತೆ. ಎರರ್ ಮೆಸೇಜ್ ಏನೂ ಬರಲ್ಲ, ತಪ್ಪು ಉತ್ತರ ಸದ್ದಿಲ್ಲದೆ ಬಂದು ಕೂತಿರುತ್ತೆ.

ಎರಡನೇದು, ದಿಕ್ಕು ಕಂಡುಹಿಡಿಯೋಕೆ ಮೇಲಿನ ಘಟಕವನ್ನ ಅಡ್ಡದ ಘಟಕದಿಂದ ಭಾಗಿಸಿ ಸಾದಾ ಆರ್ಕ್-ಟ್ಯಾನ್ ಹಾಕೋದು. ಸಮತೋಲಕ ಬಲದ ಎರಡೂ ಘಟಕಗಳು ಮೈನಸ್. ಮೈನಸನ್ನ ಮೈನಸಿನಿಂದ ಭಾಗಿಸಿದ್ರೆ ಪ್ಲಸ್. ಉತ್ತರ 45.3 ಅಂತ ಬರುತ್ತೆ, ಅಂದ್ರೆ ಸರಿಯಾಗಿ ಉಲ್ಟಾ! ಅಲ್ಲಿ 304 ಗ್ರಾಂ ಹಾಕಿದ್ರೆ ಮೂರು ದಾರವೂ ಒಂದೇ ಕಡೆ ಎಳೆದು ಉಂಗುರ ಕಂಬಿಗೆ ಹೋಗಿ ಬಡಿಯುತ್ತೆ. ಅದಕ್ಕೇ ಎ-ಟ್ಯಾನ್-2 ಅನ್ನೋ ಫಂಕ್ಷನ್ ಇರೋದು. ಅದು ಎರಡೂ ಘಟಕಗಳ ಚಿಹ್ನೆ ನೋಡಿ ಮೈನಸ್ 134.7 ಅಂತ ಕೊಡುತ್ತೆ. 360 ಕೂಡಿಸಿದ್ರೆ 225.3.

ಮೂರನೇದು ಇನ್ನೂ ಸ್ವಾರಸ್ಯ. ಪೈಥಾನ್‌ನ ಎ-ಟ್ಯಾನ್-2ಗೆ ಮೊದಲು ವೈ ಕೊಡಬೇಕು, ಆಮೇಲೆ ಎಕ್ಸ್. ಎಕ್ಸೆಲ್‌ನಲ್ಲಿ ಅದೇ ಹೆಸರಿನ ಫಂಕ್ಷನ್‌ಗೆ ಮೊದಲು ಎಕ್ಸ್, ಆಮೇಲೆ ವೈ. ತಿರುಗಾಮುರುಗಾ ಆದ್ರೆ ನಮ್ಮ ಉದಾಹರಣೆಯಲ್ಲಿ ಏನಾಗುತ್ತೆ ಗೊತ್ತಾ? 225.3ರ ಬದಲು 224.7 ಬರುತ್ತೆ. ನಮ್ಮ ಎರಡು ಘಟಕಗಳು ಹೆಚ್ಚುಕಮ್ಮಿ ಸಮ ಇರೋದರಿಂದ ತಪ್ಪು ಬಚ್ಚಿಟ್ಕೊಂಡುಬಿಡುತ್ತೆ. ಟೆಸ್ಟ್ ಪಾಸ್, ಬಗ್ ಮಾತ್ರ ಒಳಗೇ! ಹಾಗಾಗಿ ಉತ್ತರ ಮೊದಲೇ ಗೊತ್ತಿರೋ ಕೇಸ್ ಹಾಕಿ ನೋಡಿ. 0 ಡಿಗ್ರಿಯಲ್ಲಿ ಒಂದೇ ಒಂದು ಬಲ ಇದ್ದರೆ ಸಮತೋಲಕ 180 ಡಿಗ್ರಿಯಲ್ಲಿ ಬರಬೇಕು, 270 ಬಂದ್ರೆ ಕ್ರಮ ತಪ್ಪಿದೆ. 0 ಮತ್ತು 120 ಡಿಗ್ರಿಯಲ್ಲಿ ನೂರು ನೂರು ಇದ್ದರೆ ಸಮತೋಲಕವೂ ನೂರೇ, 240 ಡಿಗ್ರಿಯಲ್ಲಿ.

ಮೇಜಿನ ಹತ್ತಿರ ಹೋದ ಮೇಲೆ

ಕಾಗದದ ಮೇಲೆ ಎಲ್ಲ ಸರಿ. ಈಗ ನಿಜವಾದ ಮೇಜು. ಮೊದಲು ಮೇಜು ಮಟ್ಟವಾಗಿದೆಯಾ ನೋಡಬೇಕು. ಗಾರೆ ಕೆಲಸದವರು ರಸಮಟ್ಟ ಇಟ್ಟು ನೋಡ್ತಾರಲ್ಲ, ಹಾಗೆ. ದಾರಗಳು ತಟ್ಟೆಗೆ ಸಮಾನಾಂತರವಾಗಿರಬೇಕು, ರಾಟೆ ಮೇಲೆ ಕೆಳಗೆ ಇದ್ದರೆ ಸರಿಮಾಡಬೇಕು. ಪ್ರತಿ ದಾರವೂ ಉಂಗುರದ ನಡುವಿನ ಕಂಬಿಯ ಕಡೆಗೇ ನೇರ ನೋಡ್ತಿರಬೇಕು. ದಾರದ ಗಂಟು ಉಂಗುರದ ಮೇಲೆ ಒಂದು ಪಕ್ಕಕ್ಕೆ ಸಿಕ್ಕಿಕೊಂಡಿದ್ರೆ ರಾಟೆ 80 ಡಿಗ್ರಿಯಲ್ಲಿ ಇದ್ದರೂ ದಾರದ ದಿಕ್ಕು 80 ಅಲ್ಲ.

ಮುಂದೆ ಹ್ಯಾಂಗರ್. ಅದಕ್ಕೂ ತೂಕ ಇದೆ. "ಮೂರೂ ಹ್ಯಾಂಗರ್ ಒಂದೇ ತೂಕ, ಹಾಗಾಗಿ ಹೊಡೆದುಹೋಗುತ್ತೆ" ಅಂತ ವಿದ್ಯಾರ್ಥಿಗಳು ವಾದ ಮಾಡ್ತಾರೆ. ಕೇಳೋಕೆ ಸರಿ ಅನಿಸುತ್ತೆ. ಆದರೆ ಮೇಲೆ 9.8 ಹೊಡೆದುಹೋಗಿದ್ದು ಗುಣಾಕಾರದಲ್ಲಿ. ಇದು ಕೂಡಿಕೆ. ಲೆಕ್ಕ ಹಾಕಿ ನೋಡೋಣ. ಹ್ಯಾಂಗರ್ 50 ಗ್ರಾಂ ಅಂತಿಟ್ಕೊಳ್ಳಿ. ನಿಜವಾದ ಬಲಗಳು 250 ಮತ್ತು 200 ಆಗ್ತವೆ. ಅವಕ್ಕೆ ಸಮತೋಲಕ 390.5. ಅದರಲ್ಲಿ ಹ್ಯಾಂಗರ್ 50 ಕಳೆದರೆ ಬಿಲ್ಲೆಗಳು 340.5 ಬೇಕು. ಲೆಕ್ಕ ಹೇಳಿದ್ದು 304. ಸುಮಾರು 36 ಗ್ರಾಂ ವ್ಯತ್ಯಾಸ! ದಿಕ್ಕೂ ಒಂದು ಡಿಗ್ರಿ ಸರಿಯುತ್ತೆ. ಮೂರೂ ದಾರದ ನಡುವೆ 120 ಡಿಗ್ರಿ ಇದ್ದಾಗ ಮಾತ್ರ ಸಮ ಹ್ಯಾಂಗರ್‌ಗಳು ತಾವೇ ಒಂದನ್ನೊಂದು ತೂಗಿಸಿಕೊಳ್ತವೆ. ಬೇರೆ ಕಡೆ ಇಲ್ಲ.

"ಎರರ್ ಸೊನ್ನೆ ಬಂದದ ನೋಡ್ರಿ"

ನಮ್ಮ ಬಿಲ್ಡಿಂಗ್‌ನಲ್ಲಿ ಹುಬ್ಬಳ್ಳಿ ಕಡೆಯ ಒಂದು ಕುಟುಂಬ ಇದೆ. ಅವರ ಮಗಳು ಇಂಜಿನಿಯರಿಂಗ್ ಮೊದಲ ವರ್ಷ. ಒಂದು ಭಾನುವಾರ ರೆಕಾರ್ಡ್ ಬುಕ್ ತಂದು ತೋರಿಸಿದಳು. ಲೆಕ್ಕ 304, ಪ್ರಯೋಗ 304.

"ಕಾಕಾ, ಎರರ್ ಸೊನ್ನೆ ಬಂದದ ನೋಡ್ರಿ."

"ಚೆನ್ನಾಗಿದೆ ಪುಟ್ಟಿ. 304 ಹಾಕಿದಾಗ ಉಂಗುರ ನಡುವೆ ನಿಂತಿತಾ?"

"ಹೌದ್ರಿ, ಕರೆಕ್ಟ್ ನಡುವ ನಿಂತಿತ್ತು."

"300 ಹಾಕಿದ್ರೆ ಎಲ್ಲಿ ನಿಲ್ತಿತ್ತು?"

ಅವಳು ಸ್ವಲ್ಪ ಹೊತ್ತು ಸುಮ್ಮನಾದಳು. "ಅದನ್ನ ನೋಡಿಲ್ರಿ. ಉತ್ತರ ಬಂದ ಮ್ಯಾಲ ಮತ್ತ್ಯಾಕ ನೋಡೋದು ಕಾಕಾ?"

ಈ ಹುಡುಗಿ ಸುಳ್ಳು ಬರೆದಿಲ್ಲ. 304 ಹಾಕಿದಳು, ಉಂಗುರ ನಡುವೆ ನಿಂತಿತು, ಬರೆದಳು. ಆದರೂ ಆ ರೀಡಿಂಗ್‌ನಿಂದ ನಮಗೆ ಹೆಚ್ಚೇನೂ ಗೊತ್ತಾಗಲ್ಲ. ಯಾಕಂದ್ರೆ ರಾಟೆಯಲ್ಲಿ ಘರ್ಷಣೆ ಇದೆ. ಸಣ್ಣ ಹೆಚ್ಚುಕಮ್ಮಿಯನ್ನ ಘರ್ಷಣೆ ಹಿಡಿದು ನಿಲ್ಲಿಸಿಬಿಡುತ್ತೆ. ಬಹುಶಃ 300 ಹಾಕಿದ್ರೂ ನಿಲ್ತಿತ್ತು, 310 ಹಾಕಿದ್ರೂ ನಿಲ್ತಿತ್ತು. ಹಾಗಾದ್ರೆ 304 ಸರಿ ಅಂತ ಹೇಳಿದ್ದು ಯಾರು? ಉಂಗುರವಾ, ಕ್ಯಾಲ್ಕ್ಯುಲೇಟರ್ರಾ?

ದಾರಿ ಸುಲಭ. ಲೆಕ್ಕದ ಉತ್ತರ ಹಾಕಿದ ಮೇಲೆ ಒಂದೊಂದು ಗ್ರಾಂ ಸೇರಿಸ್ತಾ ಹೋಗಿ. ಪ್ರತಿ ಸಲ ಉಂಗುರವನ್ನ ಸ್ವಲ್ಪ ಎಳೆದು ಬಿಟ್ಟು, ಮೇಜನ್ನ ಬೆರಳಲ್ಲಿ ಮೆಲ್ಲಗೆ ತಟ್ಟಿ ನೋಡಿ. ನಡುವಿಗೆ ವಾಪಸ್ ಬರಲ್ಲ ಅನ್ನೋ ಗ್ರಾಂ ಬರೆದಿಡಿ. ಆಮೇಲೆ ತೆಗೀತಾ ಬಂದು ಇನ್ನೊಂದು ಬದಿಯ ಗಡಿ ಬರೆದಿಡಿ. ಉದಾಹರಣೆಗೆ 298ರಿಂದ 312ರವರೆಗೆ ಉಂಗುರ ಒಪ್ಪಿಕೊಳ್ತು ಅಂತಿಟ್ಕೊಳ್ಳಿ. ಆಗ ನಿಮ್ಮ ಉತ್ತರ 305, ಆಚೆ ಈಚೆ 7. ಲೆಕ್ಕದ 304 ಅದರೊಳಗೆ ಕೂತಿದೆ. ಈಗ "ಹೊಂದಿತು" ಅನ್ನೋ ಮಾತಿಗೆ ಅರ್ಥ ಬಂತು. ಕೋನಕ್ಕೂ ಹೀಗೇ ಮಾಡಿ: ರಾಟೆಯನ್ನ ಅರ್ಧರ್ಧ ಡಿಗ್ರಿ ಸರಿಸಿ ಎರಡು ಗಡಿ ನೋಡಿ.

ಇದರಲ್ಲಿ ಇನ್ನೊಂದು ಲಾಭ ಇದೆ. ಯಾರೋ ಹ್ಯಾಂಗರ್ ತೂಕ ಸೇರಿಸಿಲ್ಲ ಅಂದ್ರೆ ವ್ಯತ್ಯಾಸ 36 ಗ್ರಾಂ ಬರುತ್ತೆ. ಘರ್ಷಣೆಯ ಪಾಲು 7 ಅಂತ ಮೊದಲೇ ಗೊತ್ತಿದ್ರೆ, "ಇದು ಘರ್ಷಣೆಯಿಂದ ಆದದ್ದಲ್ಲ, ಬೇರೆ ಏನೋ ಇದೆ" ಅಂತ ತಕ್ಷಣ ಹುಡುಕೋಕೆ ಶುರುಮಾಡ್ತೀರಿ. ಎಲ್ಲ ವ್ಯತ್ಯಾಸವನ್ನೂ ಅಳಿಸಿ ಸೊನ್ನೆ ಬರೆಯೋ ಅಭ್ಯಾಸ ಇದ್ದವರಿಗೆ ಆ ಸುಳಿವು ಯಾವತ್ತೂ ಸಿಗಲ್ಲ. ಆಫೀಸಿನಲ್ಲಿ ಲಾಗ್‌ಗಳನ್ನ ಅಳಿಸಿ ಡ್ಯಾಶ್‌ಬೋರ್ಡ್ ಹಸಿರು ಮಾಡೋದಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ?

ಅವಳು ಕೊನೆಗೆ ಕೇಳಿದ್ದು, "ಹಿಂಗ ಬರದ್ರ ಮಾರ್ಕ್ಸ್ ಕಟ್ ಆಗ್ತಾವೇನ್ರಿ?" ನಾನಂದೆ, ಗಡಿಗಳನ್ನ ಹೇಗೆ ಕಂಡುಹಿಡಿದೆ ಅಂತ ಎರಡು ಸಾಲು ಬರಿ, ವೈವಾದಲ್ಲಿ ಕೇಳಿದ್ರೆ ಮೇಜಿನ ಮೇಲೇ ಮಾಡಿ ತೋರಿಸು. ಸೊನ್ನೆ ಎರರ್ ಬರೆದವರಿಗೆ "ಯಾಕೆ ಸೊನ್ನೆ?" ಅಂತ ಕೇಳಿದ್ರೆ ಹೇಳೋಕೆ ಏನೂ ಇರಲ್ಲ. ನಿನ್ನ ಹತ್ತಿರ ಇರುತ್ತೆ.

ಶಾಲೆಯ ಹಲಗೆ, ಹಳೆಯ ಕಥೆ

ಹನ್ನೊಂದನೇ ಕ್ಲಾಸಿನ ಸಿಬಿಎಸ್‌ಇ ಪ್ರಾಯೋಗಿಕ ಪಟ್ಟಿಯಲ್ಲಿ ಇದರ ತಂಗಿ ಇದ್ದಾಳೆ: ಸಮಾಂತರ ಚತುರ್ಭುಜ ನಿಯಮದಿಂದ ಒಂದು ವಸ್ತುವಿನ ತೂಕ ಕಂಡುಹಿಡಿಯೋದು. ಇಲ್ಲಿ ಮೇಜಿನ ಬದಲು ನೆಟ್ಟಗೆ ನಿಲ್ಲಿಸಿದ ಹಲಗೆ, ಮೇಲೆ ಎರಡು ರಾಟೆ. ಎರಡು ಬದಿಯಲ್ಲಿ ಗೊತ್ತಿರೋ ತೂಕ, ನಡುವೆ ಗೊತ್ತಿಲ್ಲದ ಕಲ್ಲು. ದಾರಗಳ ಹಿಂದೆ ಹಾಳೆ ಅಂಟಿಸಿ, ದಾರದ ಕೆಳಗೆ ಕನ್ನಡಿ ಪಟ್ಟಿ ಇಟ್ಟು, ದಾರವೂ ಅದರ ಬಿಂಬವೂ ಒಂದೇ ಗೆರೆಯಲ್ಲಿ ಕಂಡಾಗ ಚುಕ್ಕೆ ಹಾಕ್ತಾರೆ. ಆಮೇಲೆ ಚತುರ್ಭುಜ ಪೂರ್ತಿ ಮಾಡಿ ಕರ್ಣ ಅಳೆದರೆ ಅದೇ ಕಲ್ಲಿನ ತೂಕ. ತಕ್ಕಡಿಯಲ್ಲಿ ಇಡದೆ, ಬರೀ ಕೋನ ನೋಡಿ ತೂಕ ಹೇಳಿದ ಹಾಗಾಯ್ತು.

ಈ ಹಲಗೆಗೆ ಗ್ರೇವ್‌ಸ್ಯಾಂಡ್ ಉಪಕರಣ ಅಂತ ಹೆಸರು. ವಿಲ್ಲೆಮ್ ಗ್ರಾವೆಸಾಂಡೆ (1688–1742) ಅನ್ನೋ ಡಚ್ ವಿದ್ವಾಂಸರ ಹೆಸರದು. ಲೈಡನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದರು, ನ್ಯೂಟನ್‌ನ ಭೌತಶಾಸ್ತ್ರವನ್ನ ಬರೀ ಮಾತಲ್ಲಿ ಹೇಳದೆ ಉಪಕರಣ ಮಾಡಿಸಿ ಕಣ್ಣೆದುರು ತೋರಿಸಿ ಪಾಠ ಮಾಡಿದವರು. ಅವರಿಗಿಂತ ನೂರು ವರ್ಷ ಹಿಂದೆಯೇ, 1586ರಲ್ಲಿ, ಸಿಮೋನ್ ಸ್ಟೆವಿನ್ ಇಳಿಜಾರಿನ ಮೇಲಿನ ತೂಕಗಳ ಸಮತೋಲನವನ್ನ ವಿವರಿಸಿದ್ದರು. ನ್ಯೂಟನ್ 1687ರ ಪ್ರಿನ್ಸಿಪಿಯಾದಲ್ಲಿ ಚಲನೆಯ ಮೂರು ನಿಯಮಗಳಾದ ಕೂಡಲೇ, ಮೊದಲ ಉಪಪ್ರಮೇಯವಾಗಿ ಇಟ್ಟಿದ್ದು ಈ ಸಮಾಂತರ ಚತುರ್ಭುಜವನ್ನೇ. ನಮ್ಮ ಮಕ್ಕಳು ಲ್ಯಾಬಿನಲ್ಲಿ ದಾರ ಕಟ್ಟೋದು ಆ ಸಾಲಿನಲ್ಲೇ.

ಈಗ ಬಾಲ್ಕನಿಗೆ ಬನ್ನಿ

ಉಂಗುರದ ಜಾಗದಲ್ಲಿ ಒದ್ದೆ ಬೆಡ್‌ಶೀಟ್ ಇಡಿ. ಎರಡು ಗೋಡೆಯ ಕೊಕ್ಕೆಗಳಿಗೆ ಕಟ್ಟಿದ ಹಗ್ಗ ಎರಡು ದಾರ, ಬಟ್ಟೆಯ ತೂಕ ಮೂರನೇ ದಾರ. ಅದೇ ತ್ರಿಕೋನ.

ಗೋಡೆಯಿಂದ ಗೋಡೆಗೆ 2 ಮೀಟರ್. ನಟ್ಟನಡುವೆ 4 ಕೆಜಿ ಒದ್ದೆ ಬಟ್ಟೆ. ಹಗ್ಗ ನಡುವೆ 20 ಸೆಂಟಿಮೀಟರ್ ಜೋತುಬಿದ್ದಿದ್ರೆ ಹಗ್ಗದಲ್ಲಿ ಎಳೆತ ಸುಮಾರು 10 ಕೆಜಿಯಷ್ಟು. "ಅಯ್ಯೋ, ಹಗ್ಗ ಜೋಲ್ತಾ ಇದೆ, ಬಿಗಿ ಮಾಡೋಣ" ಅಂತ 10 ಸೆಂಟಿಮೀಟರ್‌ಗೆ ತಂದ್ರೆ ಎಳೆತ 20 ಕೆಜಿ. ಇನ್ನೂ ಬಿಗಿ ಮಾಡಿ 5 ಸೆಂಟಿಮೀಟರ್‌ಗೆ ತಂದ್ರೆ 40 ಕೆಜಿ! ಬಟ್ಟೆ ಅದೇ 4 ಕೆಜಿ. ಜೋಲು ಅರ್ಧ ಆದಾಗೆಲ್ಲ ಎಳೆತ ಹೆಚ್ಚುಕಮ್ಮಿ ದುಪ್ಪಟ್ಟು. ಬಟ್ಟೆ ಹಗ್ಗದುದ್ದಕ್ಕೂ ಸಮವಾಗಿ ಹರಡಿದ್ರೆ ಇದರ ಅರ್ಧ, ಆದರೂ ಕಡಿಮೆ ಏನಲ್ಲ.

ಯಾಕೆ ಹೀಗೆ? ಬಟ್ಟೆಯ ತೂಕವನ್ನ ಮೇಲಕ್ಕೆ ಹಿಡಿಯೋದು ಹಗ್ಗದ ಎಳೆತದ ಮೇಲ್ಮುಖ ಘಟಕ ಮಾತ್ರ. ಹಗ್ಗ ಅಡ್ಡಡ್ಡಕ್ಕೆ ಹೋದಷ್ಟೂ ಆ ಘಟಕ ಚಿಕ್ಕದು. ಆ ಚಿಕ್ಕ ಪಾಲಿನಿಂದಲೇ 4 ಕೆಜಿ ಹಿಡೀಬೇಕು ಅಂದ್ರೆ ಒಟ್ಟು ಎಳೆತ ದೊಡ್ಡದಾಗಲೇಬೇಕು. ಉಳಿದದ್ದೆಲ್ಲ ಎರಡು ಗೋಡೆಗಳನ್ನ ಒಳಕ್ಕೆ ಎಳೆಯೋದಕ್ಕೆ ಖರ್ಚು. ತೇರಿನ ಮಿಣಿಯ ಕಥೆಯೇ. ಹಗ್ಗ ಪೂರ್ತಿ ನೇರ ಆಗಬೇಕು ಅಂದ್ರೆ ಮೇಲ್ಮುಖ ಘಟಕ ಸೊನ್ನೆ. ಆಗ ಎಷ್ಟು ಎಳೆದರೂ ಸಾಲದು. ತೂಕ ನೇತಾಡ್ತಿರೋ ಯಾವ ಹಗ್ಗವೂ ಪೂರ್ತಿ ನೇರ ಇರೋಕೆ ಸಾಧ್ಯವೇ ಇಲ್ಲ.

ಹಾಗಾಗಿ ಬಾಡಿಗೆ ಮನೆ ಗೋಡೆಯಿಂದ ಕೊಕ್ಕೆ ಪ್ಲಾಸ್ಟರ್ ಸಮೇತ ಕಿತ್ತು ಬಂದ್ರೆ ಬಟ್ಟೆಯ ತೂಕ ಬೈಬೇಡಿ, ಬಿಗಿಯಾಗಿ ಕಟ್ಟಿದ ಹಗ್ಗವನ್ನ ನೋಡಿ. ಉಂಗುರದ ವಿಷಯದಲ್ಲಿ ಹೇಳಿದ್ನಲ್ಲ, ಅಲುಗಾಡದೆ ಇರೋದು ಅಂದ್ರೆ ಬಲ ಇಲ್ಲ ಅಂತಲ್ಲ. ಆ ಹಗ್ಗ ನೋಡೋಕೆ ಶಾಂತ, ಒಳಗೆ 40 ಕೆಜಿ. ಮಕ್ಕಳ ಬಟ್ಟೆ ಜೋಕಾಲಿ ಕಟ್ಟುವಾಗ ಇದು ಇನ್ನೂ ಮುಖ್ಯ. ಅಲ್ಲಿ ನಡುವೆ ಕೂರೋದು ಬೆಡ್‌ಶೀಟ್ ಅಲ್ಲ, ಮಗು. ಜೋಲು ಧಾರಾಳವಾಗಿ ಬಿಡಿ, ಕೊಕ್ಕೆಯನ್ನ ಪ್ಲಾಸ್ಟರ್‌ಗಲ್ಲ, ಗಟ್ಟಿ ಗೋಡೆಗೋ ತೊಲೆಗೋ ಹಾಕಿಸಿ.

ಇದೇ ತೊಂದರೆ ಕೆಲವೊಮ್ಮೆ ಉಪಕಾರಕ್ಕೂ ಬರುತ್ತೆ. ಮಳೆಗಾಲದಲ್ಲಿ ಕಾರು ಕೆಸರಲ್ಲಿ ಹೂತಿದೆ, ಮುಂದೆ 10 ಮೀಟರ್ ದೂರದಲ್ಲಿ ಮರ ಇದೆ. ಕಾರಿಗೂ ಮರಕ್ಕೂ ಹಗ್ಗ ಬಿಗಿಯಾಗಿ ಕಟ್ಟಿ, ನಡುವೆ ನಿಂತು ಪಕ್ಕಕ್ಕೆ ತಳ್ಳಬೇಕು. ಹಗ್ಗ ಅರ್ಧ ಮೀಟರ್ ಸರಿದಾಗ ನಿಮ್ಮ ಬಲದ ಸುಮಾರು ಐದು ಪಟ್ಟು ಕಾರಿನ ಮೇಲೆ ಬೀಳುತ್ತೆ. ಕಾರು ಸ್ವಲ್ಪವೇ ಬರುತ್ತೆ, ಮತ್ತೆ ಹಗ್ಗ ಬಿಗಿ ಮಾಡಬೇಕು. ಹಗ್ಗ ಹಳೇದಾಗಿದ್ರೆ ಮಾತ್ರ ಈ ಸಾಹಸ ಬೇಡ. ಬಿಗಿದ ಹಗ್ಗ ತುಂಡಾದ್ರೆ ಎದುರಿಗೆ ಸಿಕ್ಕವರಿಗೆ ಪೆಟ್ಟು.

ಮನೆಯಲ್ಲೇ ಮಾಡಿ ನೋಡಿ

ಊರಿಗೆ ವಿಮಾನದಲ್ಲಿ ಹೋಗೋವಾಗ ಬ್ಯಾಗ್ ತೂಗೋ ಡಿಜಿಟಲ್ ಕೊಕ್ಕೆ ತಕ್ಕಡಿ ತುಂಬಾ ಮನೆಗಳಲ್ಲಿ ಇದೆ. ಪಕ್ಕದ ಮನೆಯಿಂದ ಇನ್ನೊಂದು ತಂದ್ರೆ ಲ್ಯಾಬ್ ರೆಡಿ. 2 ಲೀಟರ್ ನೀರಿನ ಬಾಟಲಿ ತಗೊಳ್ಳಿ, ನೀರೇ 2 ಕೆಜಿ. ಬಾಟಲಿ ಕುತ್ತಿಗೆಗೆ ಎರಡು ದಾರ, ಒಂದೊಂದು ದಾರದ ತುದಿಗೆ ಒಂದೊಂದು ತಕ್ಕಡಿ. ಇಬ್ಬರು ಎದುರುಬದುರು ನಿಂತು ಹಿಡೀರಿ. ಇನ್ನೊಬ್ಬರು ಎರಡು ದಾರಗಳ ನಡುವಿನ ಕೋನವನ್ನ ಹಿಂದಿನಿಂದ ಫೋಟೋ ತೆಗೆದು ಕೋನಮಾಪಕ ಇಟ್ಟು ಅಳೀರಿ.

ನೋಡೋಕೆ ಮುಂಚೆ ಊಹೆ ಮಾಡಿ ಬರೆದಿಡಿ, ಇದೇ ನಿಯಮ. ದಾರಗಳ ನಡುವೆ 60 ಡಿಗ್ರಿ ಇದ್ದಾಗ ಪ್ರತಿ ತಕ್ಕಡಿ ಸುಮಾರು 1.15 ಕೆಜಿ ತೋರಿಸಬೇಕು. 120 ಡಿಗ್ರಿಯಲ್ಲಿ ಸರಿಯಾಗಿ 2 ಕೆಜಿ. ಅಂದ್ರೆ ಇಬ್ಬರು ಸೇರಿ ಹಿಡಿದರೂ ಒಬ್ಬೊಬ್ಬರ ಮೇಲೆ ಪೂರ್ತಿ ಬಾಟಲಿಯ ಭಾರ. 150 ಡಿಗ್ರಿಗೆ ಹೋದ್ರೆ 3.9 ಕೆಜಿ. 170 ಡಿಗ್ರಿಯಲ್ಲಿ ಹನ್ನೊಂದೂವರೆ ಕೆಜಿ ಹತ್ತಿರ. ಅಲ್ಲಿಯವರೆಗೆ ಹೋಗೋದರೊಳಗೆ ನಿಮ್ಮ ಕೈ ನಡುಗೋಕೆ ಶುರುವಾಗಿರುತ್ತೆ. ಬಾಟಲಿ, ದಾರದ ತೂಕ ಸ್ವಲ್ಪ ಸೇರುತ್ತೆ, ಹಾಗಾಗಿ ಮೊದಲು ಬಾಟಲಿಯನ್ನ ಒಂದೇ ತಕ್ಕಡಿಗೆ ನೇರ ನೇತುಹಾಕಿ ಅಸಲಿ ತೂಕ ಬರೆದುಕೊಂಡು, ಅದರ ಮೇಲೆ ಲೆಕ್ಕ ಹಾಕಿ.

ನಿಮ್ಮ ತಕ್ಕಡಿ ತೋರಿಸಿದ ಅಂಕಿಗೂ ಊಹೆಗೂ ವ್ಯತ್ಯಾಸ ಬಂದ್ರೆ ಅಂಕಿ ತಿದ್ದಬೇಡಿ. ಕೋನ ಎರಡು ಡಿಗ್ರಿ ಹೆಚ್ಚುಕಮ್ಮಿ ಆದ್ರೆ ಎಷ್ಟು ಬದಲಾಗುತ್ತೆ ಅಂತ ಲೆಕ್ಕ ಹಾಕಿ ನೋಡಿ. 60ರ ಹತ್ತಿರ ಏನೂ ಗೊತ್ತಾಗಲ್ಲ. 170ರ ಹತ್ತಿರ ಎರಡು ಡಿಗ್ರಿಗೆ ಎರಡು ಮೂರು ಕೆಜಿ ಹಾರುತ್ತೆ. ಅದನ್ನ ಮಗಳೋ ಮಗನೋ ತಾನೇ ಕಂಡುಹಿಡಿದು ಹೇಳಿದ್ರೆ, ಅವತ್ತಿನ ಪಾಠ ಮುಗೀತು ಅಂತ ಅರ್ಥ.

ಇಲ್ಲಿ ಎಲ್ಲ ದಾರಗಳೂ ಒಂದೇ ಚುಕ್ಕೆಯಲ್ಲಿ ಸೇರೋ ಕೇಸ್ ಮಾತ್ರ ನೋಡಿದ್ವಿ. ಬಲಗಳು ಬೇರೆ ಬೇರೆ ಜಾಗದಲ್ಲಿ ಬಿದ್ದರೆ ಕೂಡಿ ಸೊನ್ನೆ ಬಂದರೂ ವಸ್ತು ತಿರುಗಬಹುದು, ಬಾಗಿಲು ತಿರುಗೋ ಹಾಗೆ. ಅದು ಮುಂದಿನ ಮಾತಿಗೆ. ಅಲ್ಲಿವರೆಗೆ ಬಾಲ್ಕನಿಯ ಹಗ್ಗ ಒಂದು ಸಲ ನೋಡಿ, ತೀರಾ ಬಿಗಿಯಾಗಿದ್ರೆ ಸ್ವಲ್ಪ ಸಡಿಲ ಬಿಡಿ.